ನೀರು ತಿಳಿಯಾಯಿತು, ಉಪ್ಪು ಎಲ್ಲಿ ಹೋಯ್ತು?

ಹೋದ ಸಂಚಿಕೆಯ ಕೊನೆಯಲ್ಲಿ "ಬಟ್ಟೆಗೆ ಬಣ್ಣ ಹಾಕಿದ ನೀರು ಏನಾಗುತ್ತದೆ ಅಂತ ಯಾರಾದರೂ ಕೇಳಿ, ಹೇಳುವುದು ಬಹಳ ಇದೆ" ಅಂತ ಸುಮ್ನೆ ಒಂದು ಸಾಲು ಬರೆದಿದ್ದೆ. ಅಂಚೆಯವರು ಬೈದುಕೊಳ್ಳುವಷ್ಟು ಕಾಗದ ಬಂದಿವೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಬಣ್ಣದ ಕಾರ್ಖಾನೆಗಳಲ್ಲಿ 22 ವರ್ಷ ನೀರಿನ ಲ್ಯಾಬ್ ನೋಡಿಕೊಂಡವಳು. ಈಗ ಹಾಸನದಲ್ಲಿ ಮನೆಯಲ್ಲೇ ಇದ್ದೇನೆ. ಎಲ್ಲ ಕಾಗದಕ್ಕೂ ಉತ್ತರ ಬರೆಯಲು ಜಾಗ ಇಲ್ಲ. ಕೆಲವನ್ನು ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಇಬ್ಬರು ಕೇಳಿದ್ದರು, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮದು ಸಣ್ಣ ಶೆಡ್. ದಿನಕ್ಕೆ 50 ಕೆಜಿ ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಾಕುತ್ತೇವೆ. ಒಂದು ಲಾಟಿಗೆ 1,000 ಲೀಟರಿನಂತೆ ಎಂಟು ಸಲ ನೀರು ಬದಲಿಸುತ್ತೇವೆ. ಬೋರ್‌ವೆಲ್ ಬತ್ತಿ ಎರಡು ವರ್ಷ ಆಯಿತು, ಟ್ಯಾಂಕರಿಗೇ ಲಾಭವೆಲ್ಲ ಹೋಗುತ್ತಿದೆ. ಆರ್‌ಓ ಹಾಕಿಸಿದರೆ ಬಣ್ಣದ ನೀರನ್ನೇ ಮತ್ತೆ ಬಳಸಬಹುದು ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸಲಾ ಮೇಡಂ?
— ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಕೊಟೇಶನ್ನನ್ನು ಸದ್ಯಕ್ಕೆ ಡ್ರಾಯರಿನಲ್ಲಿಡಿ. ಹರಿಯಬೇಡಿ, ಮುಂದೆ ಬೇಕಾಗಬಹುದು. ಮೊದಲು ಒಂದು ಲೆಕ್ಕ ಮಾಡೋಣ.

ನೀವು ಕಾಗದದ ಹಿಂದೆ ಬರೆದ ರೆಸಿಪಿ ನೋಡಿದೆ. ಲೀಟರಿಗೆ 50 ಗ್ರಾಂ ಉಪ್ಪು, 15 ಗ್ರಾಂ ಒಗೆಯುವ ಸೋಡಾ. ಮಧ್ಯಮ ಬಣ್ಣಕ್ಕೆ ಎಲ್ಲರೂ ಹಾಕುವುದು ಹೆಚ್ಚುಕಮ್ಮಿ ಅಷ್ಟೇ. ಆದರೆ 1,000 ಲೀಟರಿಗೆ ಎಷ್ಟಾಯಿತು? 50 ಕೆಜಿ. ಅಂದರೆ 50 ಕೆಜಿ ನೂಲಿಗೆ 50 ಕೆಜಿ ಉಪ್ಪು! ನೂಲಿನ ತೂಕದಷ್ಟೇ ಉಪ್ಪನ್ನು ದಿನಾ ನಿಮ್ಮ ಶೆಡ್ಡಿನಿಂದ ಹೊರಗೆ ಹರಿಸುತ್ತಿದ್ದೀರಿ. ಆ ಉಪ್ಪಿನಲ್ಲಿ ಒಂದು ಚಿಟಿಕೆಯೂ ನೂಲಿನಲ್ಲಿ ಉಳಿಯುವುದಿಲ್ಲ. ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ತಳ್ಳುವುದಷ್ಟೇ ಅದರ ಕೆಲಸ. ತಳ್ಳಿದ ಮೇಲೆ ಚರಂಡಿಗೆ.

ಇನ್ನು ಬಣ್ಣ. ರಿಯಾಕ್ಟಿವ್ ಬಣ್ಣ ಮಾರುಕಟ್ಟೆಗೆ ಬಂದಿದ್ದು 1956ರಲ್ಲಿ. ಹತ್ತಿಯ ಜೊತೆ ಬಿಡಿಸಲಾಗದ ಗಂಟು ಹಾಕಿಕೊಳ್ಳುವುದು ಅದರ ಗುಣ. ಒಗೆದರೂ ಹೋಗದಿರುವುದು ಅದಕ್ಕೇ. ತೊಂದರೆ ಏನೆಂದರೆ, ಸೋಡಾ ಬಿದ್ದ ಕೂಡಲೇ ಅದು ಹತ್ತಿಯ ಜೊತೆಗೂ ಗಂಟು ಹಾಕುತ್ತದೆ, ನೀರಿನ ಜೊತೆಗೂ ಹಾಕುತ್ತದೆ. ನೀರಿನ ಜೊತೆ ಗಂಟು ಬಿದ್ದ ಬಣ್ಣ ಮತ್ತೆ ಯಾವ ನೂಲಿಗೂ ಹತ್ತುವುದಿಲ್ಲ. ನೀವು ತೂಗಿ ಹಾಕಿದ ಬಣ್ಣದಲ್ಲಿ ಕಾಲು ಭಾಗದಷ್ಟು ಹೀಗೆ ಹಾಳಾಗುವುದು ಮಾಮೂಲು. ನಿಮ್ಮ ಚರಂಡಿಯಲ್ಲಿ ಹರಿಯುವ ನೀಲಿ ಅದೇ.

ಈಗ ಮುಖ್ಯ ವಿಷಯ. ಎಂಟೂ ನೀರನ್ನು ಒಂದೇ ಗುಂಡಿಗೆ ಬಿಡುತ್ತೀರಿ ಅಂತ ಬರೆದಿದ್ದೀರಿ. ಅದೇ ತಪ್ಪು. ಮನೆಯಲ್ಲಿ ಅಕ್ಕಿ ತೊಳೆಯುವಾಗ ಮೊದಲ ಅಕ್ಕಚ್ಚು ಬೆಳ್ಳಗೆ ಹಾಲಿನ ಹಾಗಿರುತ್ತದೆ, ಮೂರನೆಯದು ಹೆಚ್ಚುಕಮ್ಮಿ ನೀರೇ. ಅವೆರಡನ್ನೂ ಬೆರೆಸಿ ಆಮೇಲೆ ಸೋಸುತ್ತೀರಾ? ನೂಲಿನದೂ ಹಾಗೇ. ಬಣ್ಣದ ಡ್ರಮ್ಮಿನಿಂದ ತೆಗೆದು ಚೆನ್ನಾಗಿ ಹಿಂಡಿದರೆ ಒಂದು ಕೆಜಿ ನೂಲಿನಲ್ಲಿ 2 ಲೀಟರ್ ನೀರು ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. 50 ಕೆಜಿಗೆ 100 ಲೀಟರ್. 1,000 ಲೀಟರಿನಲ್ಲಿ ಹತ್ತರಲ್ಲೊಂದು ಪಾಲು. ಅಂದರೆ 45 ಕೆಜಿ ಉಪ್ಪು ಬಣ್ಣದ ಡ್ರಮ್ಮಿನಲ್ಲೇ ಉಳಿಯಿತು. ನೂಲಿನ ಜೊತೆ ಮುಂದಕ್ಕೆ ಬಂದಿದ್ದು 5 ಕೆಜಿ. ಮೊದಲ ಸಲ ಜಾಲಿಸಿ ಹಿಂಡಿದಾಗ ಅದರಲ್ಲೂ ನಾಲ್ಕೂವರೆ ಕೆಜಿ ಹೋಯಿತು. ಉಳಿದ ಎಲ್ಲ ನೀರಿಗೂ ಸೇರಿ ಬರುವುದು ಅರ್ಧ ಕೆಜಿ ಮಾತ್ರ. ಈ ಲೆಕ್ಕ ನಾನು ಲ್ಯಾಬಿಗೆ ಬಂದ ಪ್ರತಿ ಹೊಸ ಹುಡುಗನ ಕೈಲಿ ಮಾಡಿಸುತ್ತಿದ್ದೆ. ಮುಖ ನೋಡುವುದೇ ಒಂದು ಮಜಾ.

ಎಂಟು ಡ್ರಮ್ಮಿನಲ್ಲಿ ಎರಡರಲ್ಲಿ ಮಾತ್ರ ಉಪ್ಪಿದೆ. ಅದನ್ನು ಉಳಿದ ಆರಕ್ಕೂ ಕಲಸಿ 8,000 ಲೀಟರನ್ನೂ ಕೆಡಿಸಿ, ಆಮೇಲೆ ಅಷ್ಟಕ್ಕೂ ಆರ್‌ಓ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಎರಡು ಪೈಪು, ಎರಡು ಗುಂಡಿ. ಪ್ಲಂಬರ್ ಒಂದು ದಿನದಲ್ಲಿ ಮಾಡಿಕೊಡುತ್ತಾನೆ.

ಮುಂದಿನ ಕೆಲಸಕ್ಕೆ ದುಡ್ಡೂ ಬೇಡ. ಕೊನೆಯ ಸಲ ಜಾಲಿಸಿದ ನೀರನ್ನು ಚೆಲ್ಲಬೇಡಿ, ಒಂದು ಟ್ಯಾಂಕಿನಲ್ಲಿ ತುಂಬಿಡಿ. ಮರುದಿನದ ಲಾಟಿನ ಮೊದಲ ಜಾಲಾಟಕ್ಕೆ ಅದೇ ಸಾಕು. ನಮ್ಮ ಅಮ್ಮ ಹಿಂದಿನ ಬಕೆಟ್ಟಿನ ಕೊನೆಯ ನೀರಲ್ಲಿ ಮುಂದಿನ ಬಟ್ಟೆ ನೆನೆಹಾಕುತ್ತಿದ್ದಳು, ಅಷ್ಟೇ ಇದು. ಇಷ್ಟರಲ್ಲೇ ದಿನಕ್ಕೆ ಒಂದು ಸಾವಿರ ಲೀಟರ್ ಉಳಿಯುತ್ತದೆ. ಯಾವ ಮೆಷೀನೂ ಬೇಡ.

ಉಳಿದ ಉಪ್ಪಿಲ್ಲದ ನೀರನ್ನು ಶುದ್ಧ ಮಾಡಬಹುದು. ಸುಣ್ಣ, ಅನ್ನಭೇದಿ ಅಥವಾ ಪಟಿಕ. ಕಾಫಿ ತೋಟದವರಿಗೆ ಇದು ಬೋರ್ಡೋ ಮಿಶ್ರಣದಿಂದ ಗೊತ್ತು: ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ನೀರು ಬಿದ್ದ ತಕ್ಷಣ ಮೊಸರಿನ ಹಾಗೆ ಒಡೆಯುತ್ತದಲ್ಲ, ಹಾಗೆಯೇ ಇಲ್ಲೂ ಗರಣೆ ಕಟ್ಟುತ್ತದೆ, ಬಣ್ಣವನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಎಷ್ಟು ಹಾಕಬೇಕು ಅಂತ ಯಾರನ್ನೂ ಕೇಳಬೇಡಿ. ಆರು ಗಾಜಿನ ಲೋಟ ಸಾಲಾಗಿಡಿ, ಪ್ರತಿಯೊಂದಕ್ಕೂ ಅರ್ಧ ಲೀಟರ್ ನಿಮ್ಮದೇ ನೀರು. ಒಂದೊಂದಕ್ಕೂ ಬೇರೆ ಬೇರೆ ಅಳತೆಯ ಔಷಧಿ. ಒಂದು ನಿಮಿಷ ಜೋರಾಗಿ ಕಲಕಿ, ಹದಿನೈದು ನಿಮಿಷ ಮೆಲ್ಲಗೆ. ಅರ್ಧ ಗಂಟೆ ಬಿಡಿ. ಯಾವ ಲೋಟದಲ್ಲಿ ಮೇಲಿನ ನೀರು ತಿಳಿಯಾಗಿ ತಳದ ಗಸಿ ಗಟ್ಟಿಯಾಗಿ ಕೂತಿದೆಯೋ ಅದು ನಿಮ್ಮ ಅಳತೆ. ರಿಯಾಕ್ಟಿವ್ ಬಣ್ಣ ಸಕ್ಕರೆಯ ಹಾಗೆ ಕರಗಿಬಿಡುವ ಜಾತಿ, ಪೂರ್ತಿ ಇಳಿಯುವುದಿಲ್ಲ. ಸ್ವಲ್ಪ ಛಾಯೆ ಉಳಿಯುತ್ತದೆ. ಅದಕ್ಕೆ ಮರಳಿನ ಫಿಲ್ಟರ್, ಆಮೇಲೆ ಇದ್ದಿಲಿನ ಫಿಲ್ಟರ್.

ಇಲ್ಲಿ ನನ್ನ ಒಂದು ಪೆಟ್ಟು ಹೇಳಿಬಿಡುತ್ತೇನೆ. ಹೀಗೆ ಮಾಡಿದ ನೀರು ಕನ್ನಡಿಯ ಹಾಗಿತ್ತು. ಜಂಬದಿಂದ ನೇರವಾಗಿ ತಿಳಿ ಗುಲಾಬಿಯ ಲಾಟಿಗೇ ಕೊಡಿಸಿದೆ. ಹೊರಗೆ ಬಂದ ಬಟ್ಟೆಯ ತುಂಬ ಕಂದು ಚುಕ್ಕೆ. ಅನ್ನಭೇದಿಯಲ್ಲಿರುವುದು ಕಬ್ಬಿಣ ಅಲ್ವಾ? ಕಣ್ಣಿಗೆ ಕಾಣದಷ್ಟು ಉಳಿದಿತ್ತು. ಲೀಟರಿಗೆ 0.1 ಮಿಲಿಗ್ರಾಂ ದಾಟಿದರೆ ತಿಳಿ ಬಣ್ಣಕ್ಕೆ ಅಪಾಯ. ಆ ಲಾಟನ್ನು ಕೊನೆಗೆ ಕಪ್ಪಿಗೆ ಹಾಕಿ ಮಾನ ಉಳಿಸಿಕೊಂಡೆವು. ಹಾಗಾಗಿ ಮರುಬಳಕೆಯ ನೀರನ್ನು ಮೊದಲು ನೂಲು ಬೇಯಿಸಲು, ಸೋಪು ಕಾಯಿಸಲು, ಜಾಲಿಸಲು ಬಳಸಿ. ಬಣ್ಣದ ಡ್ರಮ್ಮಿಗೆ ಹೊಸ ನೀರೇ ಇರಲಿ, ಗಡಸು ತೆಗೆದದ್ದು.

ಎರಡು ಉಪ್ಪಿನ ಡ್ರಮ್ಮನ್ನು ಏನು ಮಾಡುವುದು? ನಿಜವಾದ ತಲೆನೋವು ಇದೇ. ಆರ್‌ಓ ಮಾರುವವರು ಹೇಳದೇ ಬಿಡುವುದೂ ಇದನ್ನೇ. ಆರ್‌ಓ ಉಪ್ಪನ್ನು ಸುಡುವುದಿಲ್ಲ, ಒಂದು ಕಡೆಗೆ ದೂಡುತ್ತದೆ. ಒಳಗೆ ಹೋದ ಉಪ್ಪೆಲ್ಲ ಹಿಂದಿನ ಪೈಪಿನಲ್ಲಿ ಇನ್ನೂ ಗಟ್ಟಿಯಾಗಿ ಹೊರಗೆ ಬರುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಹಬೆಯಲ್ಲಿ ಕುದಿಸಿ ಆವಿ ಮಾಡಿ ಉಪ್ಪು ಹರಳು ತೆಗೆಯುತ್ತವೆ, ಕೆಲವು ಕಡೆ ಆ ಉಪ್ಪುನೀರನ್ನೇ ಸೋಸಿ ಮತ್ತೆ ಬಣ್ಣದ ಡ್ರಮ್ಮಿಗೆ ಹಾಕುತ್ತಾರೆ. ನಿಮ್ಮಂಥ ಶೆಡ್ಡಿಗೆ ಆ ಕರೆಂಟು, ಆ ಸೌದೆ ಪೂರೈಸುವುದಿಲ್ಲ. ಬಿಸಿಲಿನಲ್ಲಿ ಒಣಗಿಸುವ ತೊಟ್ಟಿ ಒಂದು ದಾರಿ. ಒಳ್ಳೆ ಬಿಸಿಲಿನ ದಿನ ಒಂದು ಚದರ ಮೀಟರಿನಿಂದ 5 ಲೀಟರ್ ಹಾರಿಹೋಗುತ್ತದೆ ಅಂತ ಹಿಡಿದರೂ 2,000 ಲೀಟರಿಗೆ 400 ಚದರ ಮೀಟರ್ ಬೇಕು, ಅಂದರೆ ನಾಲ್ಕು ಗುಂಟೆ. ಕೆಳಗೆ ದಪ್ಪ ಶೀಟ್ ಹಾಸಬೇಕು, ಮಳೆಗಾಲಕ್ಕೆ ಕೂಡಿಡುವ ಟ್ಯಾಂಕ್ ಬೇರೆ. ಜಾಗ ಅಷ್ಟಿಲ್ಲ ಅನ್ನುತ್ತೀರಾ? ಹಾಗಾದರೆ ನೀರನ್ನೇ ಇಳಿಸಿ. ಕೆಜಿಗೆ 20 ಲೀಟರಿನ ಬದಲು 10 ಲೀಟರಿನಲ್ಲಿ ಬಣ್ಣ ಹಾಕುವ ಪಾತ್ರೆಗೆ ಬದಲಾಯಿಸಿದರೆ ಉಪ್ಪೂ ಅರ್ಧ, ತೊಟ್ಟಿಯೂ ಅರ್ಧ. ಕಡಿಮೆ ಉಪ್ಪಿನಲ್ಲಿ ಹತ್ತುವ ಬಣ್ಣಗಳೂ ಸಿಗುತ್ತವೆ, ಸ್ವಲ್ಪ ದುಬಾರಿ. ಆರ್‌ಓಗೆ ಹಾಕುವ ದುಡ್ಡನ್ನು ನಾನಾದರೆ ಮೊದಲು ಪಾತ್ರೆಗೆ ಹಾಕುತ್ತಿದ್ದೆ.

ಇನ್ನೊಂದು. ಅನುಮತಿಯ ಬಗ್ಗೆ ನೀವು ಏನೂ ಬರೆದಿಲ್ಲ. ಬಣ್ಣ ಹಾಕುವ ಕೆಲಸ ಚಿಕ್ಕದಿರಲಿ ದೊಡ್ಡದಿರಲಿ, ಮಾಲಿನ್ಯ ಮಂಡಳಿಯ ಪಟ್ಟಿಯಲ್ಲಿ ಕೆಂಪು ವರ್ಗ, ಅಂದರೆ ಹೆಚ್ಚು ಮಾಲಿನ್ಯದ ಸಾಲು. ಒಪ್ಪಿಗೆ ಪತ್ರ ಬೇಕೇ ಬೇಕು. ತಳದ ಗಸಿಯನ್ನು ತಿಪ್ಪೆಗೆ ಸುರಿಯುವ ಹಾಗಿಲ್ಲ, ಅದು ಅಪಾಯಕಾರಿ ತ್ಯಾಜ್ಯದ ಲೆಕ್ಕ. ಒಣಗಿಸಿ ಚೀಲದಲ್ಲಿಟ್ಟು ಮಂಡಳಿ ಒಪ್ಪಿದವರಿಗೇ ಕೊಡಬೇಕು.

ಪ್ರಶ್ನೆ: ನಮ್ಮ ಹೊಲದ ಪಕ್ಕದ ಬಣ್ಣದ ಘಟಕದವರು ಶುದ್ಧ ಮಾಡಿದ ನೀರನ್ನು ಪುಕ್ಕಟೆ ಕೊಡುತ್ತೇವೆ ಅನ್ನುತ್ತಿದ್ದಾರೆ. ಬಾಟಲಿಯಲ್ಲಿ ತಂದು ತೋರಿಸಿದರು, ಬಿಸ್ಲೇರಿ ಹಾಗೇ ಇದೆ. ಆಲೂಗಡ್ಡೆಗೂ ಬೀನ್ಸಿಗೂ ಬಿಡಬಹುದಾ?
— ರೈತರು, ಹಾಸನ ತಾಲ್ಲೂಕು

ಉತ್ತರ: ಬಾಟಲಿ ನೋಡಿ ಮೋಸಹೋದವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲಿದೆ. ಅದನ್ನೇ ಹೇಳುತ್ತೇನೆ.

ಕೆಲಸಕ್ಕೆ ಸೇರಿ ಮೂರನೇ ವರ್ಷ. ಆ ಕಾರ್ಖಾನೆಯಲ್ಲಿ ಆಗ ಆರ್‌ಓ ಇರಲಿಲ್ಲ. ಸುಣ್ಣ, ಅನ್ನಭೇದಿ, ಗಾಳಿ ಊದುವ ತೊಟ್ಟಿ, ಇದ್ದಿಲು, ಇಷ್ಟೇ. ತಿಂಗಳುಗಟ್ಟಲೆ ತಿಣುಕಿ ನೀರನ್ನು ಬಣ್ಣವೇ ಇಲ್ಲದ ಹಾಗೆ ಮಾಡಿದ್ದೆ. ಗೇಟಿನ ಹತ್ತಿರದ ಗುಲಾಬಿ ಗಿಡಗಳಿಗೆ ಅದನ್ನೇ ಬಿಡಿಸಿದೆವು. ಬಂದವರಿಗೆಲ್ಲ ತೋರಿಸುವುದೇ ತೋರಿಸುವುದು. ಒಂದೂವರೆ ತಿಂಗಳಿಗೆ ಎಲೆಯ ಅಂಚು ಬೀಡಿ ಸುಟ್ಟ ಹಾಗೆ ಕಂದಾಯಿತು. ರೋಗ ಅಂದುಕೊಂಡು ಔಷಧಿ ಹೊಡೆಸಿದೆ. ತೋಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು, ಹೊಳೆನರಸೀಪುರದ ಕಡೆಯವರು. ಒಂದು ಬೆಳಿಗ್ಗೆ ನನ್ನನ್ನು ಕರೆದರು. ಪೈಪಿನ ಬಾಯಿಗೆ ಬೆರಳು ಹಿಡಿದು ನಾಲಿಗೆಗೆ ಮುಟ್ಟಿಸಿ ಥೂ ಅಂತ ಉಗಿದರು. "ಬಣ್ಣ ಹೋಗೈತೆ ಕಣವ್ವ. ಉಪ್ಪು ಎಲ್ಲಿಗೋಯ್ತು?" ಅಂದರು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಗಿಡದ ಬುಡ ತೋರಿಸಿದರು. ಮಣ್ಣಿನ ಮೇಲೆ ಬೆಳ್ಳಗೆ ಹಪ್ಪಳದ ಹಾಗೆ ಪದರ. ನೀರು ಬಿಟ್ಟರೆ ಇಂಗುತ್ತಲೇ ಇಲ್ಲ, ಸಿಮೆಂಟಿನ ಮೇಲೆ ನಿಂತ ಹಾಗೆ ನಿಂತಿದೆ. ಎಂಎಸ್ಸಿ ಮಾಡಿದ ನನಗೆ ಆ ಹೊತ್ತು ಏನು ಹೇಳಬೇಕೋ ತೋಚಲಿಲ್ಲ.

ಆಗಿದ್ದು ಇಷ್ಟು. ಸುಣ್ಣ, ಪಟಿಕ, ಗಾಳಿ, ಇದ್ದಿಲು ಯಾವುದೂ ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ನೀರಿನಲ್ಲಿದ್ದ ಸೋಡಿಯಂ ಮಣ್ಣಿಗೆ ಸೇರಿ ಮಣ್ಣಿನ ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ನೀರು, ಗಾಳಿ ಹೋಗುವ ಸಂದೆಲ್ಲ ಮುಚ್ಚಿಹೋಗುತ್ತದೆ. ಸರಿಮಾಡಲು ಜಿಪ್ಸಂ ಹಾಕಿ ಒಳ್ಳೆ ನೀರಿನಲ್ಲಿ ತೊಳೆಯಬೇಕು. ನಮ್ಮ ಗುಲಾಬಿಗಂತೂ ಅಷ್ಟು ಹೊತ್ತು ಇರಲಿಲ್ಲ.

ಹಾಗಾಗಿ ನೀವು ಬಾಟಲಿ ನೋಡುವುದು ಬಿಟ್ಟು ಎರಡು ಸಂಖ್ಯೆ ಕೇಳಿ. ಒಂದು ಇಸಿ ಅಥವಾ ಟಿಡಿಎಸ್, ಅಂದರೆ ಕರಗಿದ ಉಪ್ಪು ಎಷ್ಟು ಅಂತ. ಎರಡು ಎಸ್‌ಎಆರ್, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟು ಅಂತ. ಆಲೂಗಡ್ಡೆ ಉಪ್ಪು ತಡೆಯುವ ಬೆಳೆಯಲ್ಲ. ನೀರಿನ ಇಸಿ ಮೀಟರಿಗೆ 1.1 ಡೆಸಿಸೀಮನ್ಸ್ ದಾಟಿದರೆ ಇಳುವರಿ ಇಳಿಯಲು ಶುರು. ಟಿಡಿಎಸ್ ಲೆಕ್ಕದಲ್ಲಿ ಅದು ಲೀಟರಿಗೆ 700 ಮಿಲಿಗ್ರಾಂ ಆಸುಪಾಸು. ಬೀನ್ಸ್ ಇನ್ನೂ ಸೂಕ್ಷ್ಮ, 0.7ಕ್ಕೇ ಸೋಲುತ್ತದೆ.

ಅವರು "ನಮ್ಮ ನೀರು ಸರ್ಕಾರದ ಮಿತಿಯೊಳಗೇ ಇದೆ" ಅನ್ನಬಹುದು. ಸುಳ್ಳೇನೂ ಇರಲಾರದು. ಬಟ್ಟೆ ಘಟಕಗಳಿಗೆ 2016ರಲ್ಲಿ ಬಂದ ಮಾನದಂಡದಲ್ಲಿ ಟಿಡಿಎಸ್ ಮಿತಿ 2,100, ಎಸ್‌ಎಆರ್ 26. ಹೊರಗೆ ಬಿಡುವ ನೀರಿಗೆ ಹಾಕಿದ ಮಿತಿ ಅದು. ನಿಮ್ಮ ಆಲೂಗಡ್ಡೆಯನ್ನು ಕೇಳಿ ಹಾಕಿದ್ದಲ್ಲ. ಹೊಲಕ್ಕೆ ಎಸ್‌ಎಆರ್ 10ರ ಒಳಗಿದ್ದರೆ ನೆಮ್ಮದಿ. ತೆಂಗು ಇದ್ದಿದ್ದರೆ ಬೇರೆ ಮಾತು, ಅದು ಸಮುದ್ರದ ದಂಡೆಯ ಮರ, ಉಪ್ಪನ್ನು ತಕ್ಕಮಟ್ಟಿಗೆ ಸಹಿಸುತ್ತದೆ.

ಪೆನ್ನಿನ ಆಕಾರದ ಟಿಡಿಎಸ್ ಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಕೊಂಡು ಅಂಗಿಯ ಜೇಬಿನಲ್ಲಿಡಿ. ಒಂದೇ ಸಲ ನೋಡಿ ಬಿಡಬೇಡಿ, ವಾರದಲ್ಲಿ ನಾಲ್ಕು ದಿನ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಕಪ್ಪು ಬಣ್ಣ ಹಾಕಿದ ದಿನ ಸಂಖ್ಯೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಆ ಹಿರಿಯರ ಹಾಗೆ ನಾಲಿಗೆಗೆ ಮಾತ್ರ ಇಡಬೇಡಿ.

ಪ್ರಶ್ನೆ: ನಾನು ಬಿಎಸ್ಸಿ ಕೊನೆಯ ವರ್ಷ. ಅಡಿಕೆ ಸಿಪ್ಪೆಯ ಇದ್ದಿಲಿನಿಂದ ಬಣ್ಣದ ನೀರನ್ನು ಶುದ್ಧ ಮಾಡುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮಿಥಿಲೀನ್ ಬ್ಲೂ 98% ಹೋಗಿದೆ. ಇದನ್ನು ಕಾರ್ಖಾನೆಗಳಲ್ಲಿ ಬಳಸಬಹುದಲ್ವಾ ಮೇಡಂ?
— ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಪುಟ್ಟಿ, ನಿನಗೆ ಬೇಜಾರು ಮಾಡಬೇಕೂಂತ ಅಲ್ಲ. ಆದರೆ ಮಿಥಿಲೀನ್ ಬ್ಲೂ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ನನ್ನ ಕೈಬೆರಳು, ಯಾವುದೂ ಬಿಡುವುದಿಲ್ಲ. ಅದು ಧನ ವಿದ್ಯುದಂಶದ ಬಣ್ಣ, ಸಿಪ್ಪೆಗಳ ಮೈ ಸಾಮಾನ್ಯವಾಗಿ ಋಣ. ತಾನಾಗೇ ಹೋಗಿ ಅಪ್ಪಿಕೊಳ್ಳುತ್ತದೆ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ ಋಣದ್ದು. ಅದು ನಿನ್ನ ಸಿಪ್ಪೆಯನ್ನು ಕಂಡರೆ ದೂರ ಸರಿಯುತ್ತದೆ. ಇಂಥ ಪ್ರಾಜೆಕ್ಟುಗಳಿಗೆ ಪರೀಕ್ಷಕಳಾಗಿ ಹೋದಾಗೆಲ್ಲ ನನಗೆ ಕಾಣುವುದು ಅದೇ ನೀಲಿ ಬಾಟಲಿ.

ಇನ್ನೂ ಸಮಯ ಇದ್ದರೆ ಹೀಗೆ ಮಾಡು. ಯಾವುದಾದರೂ ರಿಯಾಕ್ಟಿವ್ ಕೆಂಪು ಅಥವಾ ಕಪ್ಪು ತೆಗೆದುಕೋ. ಸೋಡಾ ಹಾಕಿ ಪಿಎಚ್ 11ಕ್ಕೆ ತಂದು ಒಂದು ಗಂಟೆ ಕಾಯಿಸು, ಆಗ ಅದು ನಿಜವಾಗಿ ಚರಂಡಿಗೆ ಬರುವ ರೂಪಕ್ಕೆ ಬರುತ್ತದೆ. ಲೀಟರಿಗೆ 50 ಗ್ರಾಂ ಉಪ್ಪು ಸೇರಿಸು. ಆಮೇಲೆ ನಿನ್ನ ಇದ್ದಿಲು ಹಾಕಿ ನೋಡು. 98ರ ಬದಲು 30 ಬಂದರೂ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಇನ್ನೆರಡು ವಿಷಯ ಬರೆದುಕೋ. ನಮ್ಮ ಕಡೆ ತೆಂಗಿನ ಚಿಪ್ಪಿನ ಇದ್ದಿಲು ಅಂದರೆ ಎಲ್ಲಕ್ಕೂ ರಾಮಬಾಣ ಅಂತ ನಂಬಿಕೆ. ಕ್ಲೋರಿನ್ನಿಗೆ, ಸಣ್ಣ ಅಣುಗಳಿಗೆ ಅದು ಬಹಳ ಒಳ್ಳೆಯದು. ಆದರೆ ಅದರ ರಂಧ್ರಗಳು ತೀರಾ ಕಿರಿದು, ಬಣ್ಣದ ದಪ್ಪ ಅಣು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಬಣ್ಣಕ್ಕೆ ಸ್ವಲ್ಪ ಅಗಲ ರಂಧ್ರದ, ಮರದ ಇದ್ದಿಲೇ ವಾಸಿ. ನಿನ್ನ ಅಡಿಕೆ ಸಿಪ್ಪೆಯದು ಯಾವ ಜಾತಿ ಅಂತ ಹೇಳಿದರೆ ಅದೇ ಒಂದು ಹೊಸ ವಿಷಯ. ಎರಡನೆಯದು, ಬಣ್ಣ ಕುಡಿದು ಹೊಟ್ಟೆ ತುಂಬಿದ ಇದ್ದಿಲನ್ನು ಎಲ್ಲಿ ಹಾಕುತ್ತೀಯ? ವೈವಾದಲ್ಲಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀನೇ ಹೇಳು.

ಪ್ರಶ್ನೆ: ನಮ್ಮ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರಿಗೂ ಬಣ್ಣದ ನೀರಿಗೂ ಏನು ವ್ಯತ್ಯಾಸ? ಎರಡೂ ಕಪ್ಪಗೇ ಇರುತ್ತವಲ್ಲ. ಒಂದೇ ಥರ ಶುದ್ಧ ಮಾಡಬಹುದೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಹೊರಗಿನಿಂದ ಅಣ್ಣ ತಮ್ಮ, ಒಳಗೆ ಸಂಬಂಧವೇ ಇಲ್ಲ. ಪಲ್ಪರ್ ನೀರಿನಲ್ಲಿರುವುದು ಹಣ್ಣಿನ ಸಕ್ಕರೆ, ಲೋಳೆ. ಸೂಕ್ಷ್ಮಜೀವಿಗಳಿಗೆ ಅದು ಹಬ್ಬದೂಟ. ಹಾಗೇ ಹಳ್ಳಕ್ಕೆ ಬಿಟ್ಟರೆ ಅವು ಅಲ್ಲೇ ಪಂಕ್ತಿ ಹಾಕಿ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಮೀನು ಸಾಯುತ್ತವೆ. ಅದೇ ಊಟವನ್ನು ನಿಮ್ಮ ತೊಟ್ಟಿಯಲ್ಲೇ ಬಡಿಸಿದರೆ ಕೆಲಸ ಮುಗಿಯಿತು: ಹುಳಿಯನ್ನು ಸುಣ್ಣದಿಂದ ಕಳೆದು, ಗಾಳಿಯಿಲ್ಲದ ತೊಟ್ಟಿ, ಆಮೇಲೆ ಗಾಳಿಯ ತೊಟ್ಟಿ. ಸುಣ್ಣ ಹಾಕಿದ ಮೇಲೆ ನೀರು ಇನ್ನೂ ಕಪ್ಪಾಗುತ್ತದೆ, ಗಾಬರಿ ಬೇಡ. ಹಣ್ಣಿನ ಒಗರು ಕ್ಷಾರಕ್ಕೆ ಬಿದ್ದಾಗ ಹಾಗೇ. ಉಪ್ಪಿನ ಕಾಟ ನಿಮಗಿಲ್ಲ.

ಬಣ್ಣ ಸೂಕ್ಷ್ಮಜೀವಿಗಳಿಗೆ ರುಚಿಸುವುದಿಲ್ಲ. ಬಿಸಿಲಿಗೆ, ಬೆವರಿಗೆ, ಸೋಪಿಗೆ ಹೆದರಬಾರದು ಅಂತಲೇ ಅದನ್ನು ಮಾಡಿರುವುದು. ಆದರೂ ಒಂದು ಉಪಾಯ ಇದೆ. ಅಜೋ ಜಾತಿಯ ಬಣ್ಣಗಳ ಮಧ್ಯದ ಕೊಂಡಿಯನ್ನು ಗಾಳಿಯಿಲ್ಲದ ತೊಟ್ಟಿಯ ಜೀವಿಗಳು ಮುರಿಯುತ್ತವೆ. ಬಣ್ಣ ಹೋಗುತ್ತದೆ, ಅಮೀನುಗಳೆಂಬ ತುಂಡುಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವು ವಿಷ. ಆ ತುಂಡುಗಳನ್ನು ಗಾಳಿಯ ತೊಟ್ಟಿಯ ಜೀವಿಗಳು ತಿನ್ನಬೇಕು. ಹಾಗಾಗಿ ಎರಡೂ ತೊಟ್ಟಿ ಬೇಕು, ಅದೇ ಅನುಕ್ರಮದಲ್ಲಿ. ನಿಮ್ಮ ತೊಟ್ಟಿಯ ಹಾಗೇ ಕಾಣುತ್ತದೆ, ಆದರೆ ನಿಮ್ಮಲ್ಲಿ ದಿನಗಳಲ್ಲಿ ಆಗುವುದಕ್ಕೆ ಅಲ್ಲಿ ತಾಳ್ಮೆ ಜಾಸ್ತಿ ಬೇಕು.

ಪ್ರಶ್ನೆ: ಹೊಸ ಕೆಂಪು ಕಾಟನ್ ಸೀರೆ ಒಗೆದಾಗಲೆಲ್ಲ ಬಣ್ಣ ಬಿಡುತ್ತಿದೆ. ಅತ್ತೆ ಉಪ್ಪಿನ ನೀರಲ್ಲಿ ನೆನೆಸು ಅನ್ನುತ್ತಾರೆ. ಸರಿಯೇ?
— ಗೃಹಿಣಿ, ಬೇಲೂರು

ಉತ್ತರ: ಅತ್ತೆಯ ಜೊತೆ ಜಗಳ ಬೇಡ, ಆದರೆ ಉಪ್ಪಿನಿಂದ ಬಣ್ಣ ಗಟ್ಟಿಯಾಗುವುದಿಲ್ಲ. ಮೇಲೆ ಹೇಳಿದೆನಲ್ಲ, ನೀರಿನ ಜೊತೆ ಗಂಟು ಬಿದ್ದ ಹಾಳು ಬಣ್ಣ. ಕಾರ್ಖಾನೆಯಲ್ಲಿ ಅದನ್ನು ಕುದಿಯುವಷ್ಟು ಬಿಸಿ ಸೋಪಿನ ನೀರಿನಲ್ಲಿ ಪೂರ್ತಿ ತೊಳೆದು ಕಳಿಸಬೇಕಿತ್ತು. ನೀರು ಉಳಿಸಲೋ ಸಮಯ ಉಳಿಸಲೋ ಬಿಟ್ಟಿದ್ದಾರೆ. ಅವರು ತೊಳೆಯಬೇಕಾದ್ದನ್ನು ಈಗ ನಿಮ್ಮ ಬಚ್ಚಲಲ್ಲಿ ನೀವು ತೊಳೆಯುತ್ತಿದ್ದೀರಿ. ಉಪ್ಪು ಹಾಕಿದರೆ ಆ ಸಡಿಲ ಬಣ್ಣ ನೂಲಿಗೇ ಒತ್ತಿಕೊಂಡು ಕೂರುತ್ತದೆ, ಆ ದಿನ ಬಿಡುವುದಿಲ್ಲ, ಮುಂದಿನ ಸಲ ಬಿಡುತ್ತದೆ. ಅತ್ತೆಗೆ ಫಲ ಕಂಡಿದ್ದು ಅದಕ್ಕೇ. ಉಪ್ಪಿಲ್ಲದೆ, ಸೀರೆಗೆ ತಡೆಯುವಷ್ಟು ಬಿಸಿ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ, ಬೇರೆ ಬಟ್ಟೆ ಸೇರಿಸದೆ ಮೂರ್ನಾಲ್ಕು ಸಲ ಒಗೆಯಿರಿ. ನೀರು ತಿಳಿಯಾದರೆ ಮುಗಿಯಿತು. ಹತ್ತು ಒಗೆತಕ್ಕೂ ತಿಳಿಯಾಗದಿದ್ದರೆ ಅದು ರಿಯಾಕ್ಟಿವ್ ಬಣ್ಣವೇ ಅಲ್ಲ, ಅಗ್ಗದ ಡೈರೆಕ್ಟ್ ಬಣ್ಣ. ಅಂಗಡಿಯವರ ಹತ್ತಿರ ಜಗಳ ಆಡಿ.

ಪ್ರಶ್ನೆ: ನಮ್ಮ ಸಂಘದ ಹೆಂಗಸರು ಅಡಿಕೆ ಚೊಗರಿನಲ್ಲಿ (ಅಡಿಕೆ ಬೇಯಿಸಿದ ನೀರು) ಬಟ್ಟೆಗೆ ಬಣ್ಣ ಹಾಕುತ್ತೇವೆ. ಇದರ ನೀರನ್ನು ಶುದ್ಧ ಮಾಡುವ ಅಗತ್ಯ ಇಲ್ಲ ತಾನೆ?
— ಓದುಗರು, ಕೊಪ್ಪ

ಉತ್ತರ: ನೈಸರ್ಗಿಕ ಅಂದ ತಕ್ಷಣ ತೊಳೆದ ನೀರು ತೀರ್ಥ ಆಗುವುದಿಲ್ಲ. ಚೊಗರು ಬರೀ ಒಗರು, ಅದರಷ್ಟಕ್ಕೆ ಭಯವಿಲ್ಲ. ಆದರೂ ರಾಶಿ ರಾಶಿ ಹಳ್ಳಕ್ಕೆ ಬಿಟ್ಟರೆ ಪಲ್ಪರ್ ನೀರಿನ ಕಥೆಯೇ. ನೋಡಬೇಕಾದ್ದು ಬಣ್ಣ ಕಚ್ಚಲು ಏನು ಹಾಕುತ್ತೀರಿ ಅಂತ. ಪಟಿಕ, ಅನ್ನಭೇದಿಯಾದರೆ ಸರಿ, ಸುಣ್ಣದ ನೀರು ಹಾಕಿ ಗಸಿ ಇಳಿಸಿ ತಿಳಿಯನ್ನು ಮತ್ತೆ ಜಾಲಿಸಲು ಬಳಸಿ. ಹಸಿರು ಛಾಯೆ ಬರಲಿ ಅಂತ ಮೈಲುತುತ್ತ ಹಾಕುತ್ತಿದ್ದರೆ ನಿಲ್ಲಿಸಿ. ತಾಮ್ರ ಮೀನಿಗೆ ವಿಷ. ನಿಮ್ಮ ಕಡೆಯ ತೋಟಗಳಿಗೆ ಅದು ಬೋರ್ಡೋ ಮಿಶ್ರಣದ ದಾರಿಯಲ್ಲೇ ಸಾಕಷ್ಟು ಬರುತ್ತಿದೆ.

ಪ್ರಶ್ನೆ: ಕೊಳಚೆ ನೀರನ್ನೇ ತೊಳೆದು ಮತ್ತೆ ಬಳಸಿದ ಬಟ್ಟೆ ಉಟ್ಟರೆ ಚರ್ಮಕ್ಕೆ ತೊಂದರೆ ಇಲ್ವಾ?
— ಓದುಗರು, ಕಡೂರು

ಉತ್ತರ: ಆರ್‌ಓದಿಂದ ಬರುವ ನೀರು ಬೋರ್‌ವೆಲ್ ನೀರಿಗಿಂತ ಮೆದು. ಬಣ್ಣವೂ ಅದರಲ್ಲಿ ಸಮನಾಗಿ ಹತ್ತುತ್ತದೆ. ನೀವು ಈಗ ತೊಟ್ಟಿರುವ ಟೀ ಶರ್ಟ್ ತಿರುಪ್ಪೂರಿನದಾಗಿದ್ದರೆ ಹೆಚ್ಚುಕಮ್ಮಿ ಅಂಥ ನೀರಿನಲ್ಲೇ ಬಣ್ಣ ಕಂಡಿರುತ್ತದೆ. ಅವರಿಗೇನು ಬುದ್ಧಿ ತಾನಾಗಿ ಬಂದಿದ್ದಲ್ಲ. ನೊಯ್ಯಲ್ ನದಿಗೆ ಬಣ್ಣ, ಉಪ್ಪು ಬಿಟ್ಟು ಬಿಟ್ಟು, ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆ ಬಣ್ಣದ ನೀರಿನ ತೊಟ್ಟಿಯಾಗಿತ್ತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ 700ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹನಿ ನೀರೂ ಹೊರಗೆ ಬಿಡದ ವ್ಯವಸ್ಥೆ ಮಾಡಿಕೊಂಡ ಮೇಲೇ ಬಾಗಿಲು ತೆರೆದದ್ದು. ನೊಯ್ಯಲ್ ಸೇರುವುದು ಕಾವೇರಿಗೆ. ನಮ್ಮ ಯಗಚಿ, ಹೇಮಾವತಿ ಸೇರುವುದೂ ಕಾವೇರಿಗೇ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನೀವು ಯಾವ ಬಣ್ಣದ ಸೀರೆ ಉಡುತ್ತೀರಿ?
— ಹೆಸರಿಲ್ಲದ ಪೋಸ್ಟ್‌ಕಾರ್ಡ್, ಸಕಲೇಶಪುರದ ಮುದ್ರೆ

ಉತ್ತರ: ದಿನಾ ಉಡುವುದು ತಿಳಿ ಬಣ್ಣದ ಕಾಟನ್. ತಿಳಿ ಬಣ್ಣಕ್ಕೆ ಉಪ್ಪು ಕಡಿಮೆ ಸಾಕು, ಕಪ್ಪಿಗೆ, ಕಡು ನೀಲಿಗೆ ಲೀಟರಿಗೆ 80 ಗ್ರಾಂವರೆಗೂ ಬೇಕು. ಮದುವೆ ಮನೆಗೆ ಮಾತ್ರ ಕಡುಗೆಂಪು ರೇಷ್ಮೆ. ರೇಷ್ಮೆಗೆ ಹಾಕುವುದು ಆಸಿಡ್ ಬಣ್ಣ, ಅದಕ್ಕೆ ಇಷ್ಟು ಉಪ್ಪು ಬೇಡ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಜರಿಯ ಬಗ್ಗೆ ಕೇಳಬೇಡಿ.